ಗಮ್ಮು, ಮಿನಿಕಾಮ್‌ಗಳಿಂದ ಎಂಎಂಸಿಎಲ್‌ಐಗೆ: ಡಾಂಗಲ್‌ನ ಸಿಮ್ ಕೆಲಸಗಳನ್ನು ಸಾಗಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿರುವ ನಮ್ಮ ಸಹಕಾರಿ ಸಂಘದ ಕಚೇರಿಯಲ್ಲಿ ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಕಟ್ಟಿದ ಒಂದು ಯುಎಸ್‌ಬಿ ಡಾಂಗಲ್, ಅಂದರೆ ಸಿಮ್ ಹಾಕುವ ಪುಟ್ಟ ಮೋಡೆಮ್, ಇದೆ. ಕಟ್ಟಡದಲ್ಲಿ ಸಿಗ್ನಲ್ ನೆಟ್ಟಗೆ ಸಿಗುವುದು ಅಲ್ಲಿ ಮಾತ್ರ. ಅದರೊಳಗಿನ ಸಿಮ್‌ನಿಂದ ಸದಸ್ಯರಿಗೆ ‘ಮೈಲುತುತ್ತು ಬಂದಿದೆ’, ‘ಮಂಗಳವಾರ ಮಹಾಸಭೆ’ ಎಂಬಂಥ ಸಂದೇಶಗಳು ಹೋಗುತ್ತವೆ. ಕೇರಳದ ಶಾಲೆಗಳಲ್ಲಿ ಸರ್ಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಉಬುಂಟು ಆಧಾರಿತ ವ್ಯವಸ್ಥೆಯೇ ಬಳಕೆಯಲ್ಲಿರುವುದರಿಂದ ನಮ್ಮ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿನಕ್ಸ್ ಹೊಸತಲ್ಲ. ಅದೇ ರೂಢಿಯಿಂದ ಸಂಘದ ಕಂಪ್ಯೂಟರಿನಲ್ಲೂ ಲಿನಕ್ಸ್ ಇದೆ. ವರ್ಷಗಟ್ಟಲೆ ಈ ಕೆಲಸವನ್ನು ಗಮ್ಮು ಎಂಬ ಕಮಾಂಡ್‌ಲೈನ್ ಸಾಧನದಿಂದ ಮಾಡುತ್ತಿದ್ದೆವು. ಏನಾದರೂ ಕೆಟ್ಟರೆ ಮಿನಿಕಾಮ್ ತೆರೆದು ಮೋಡೆಮ್‌ನೊಡನೆ ನೇರವಾಗಿ ಎಟಿ ಎಂಬ ಅದರ ಕಮಾಂಡ್ ಭಾಷೆಯಲ್ಲಿ ಮಾತನಾಡುತ್ತಿದ್ದೆ. ಕಂಪ್ಯೂಟರಿಗೆ ಹೊಸ ಆವೃತ್ತಿಯ ಉಬುಂಟು ಹಾಕಿದ ಮೇಲೆ ಈ ಏರ್ಪಾಡು ಒಂದು ದಿನ ನಡೆದು ಇನ್ನೊಂದು ದಿನ ನಿಲ್ಲತೊಡಗಿತು. ಕೊನೆಗೆ ಎಲ್ಲವನ್ನೂ ಎಂಎಂಸಿಎಲ್‌ಐ ಎಂಬ ಇನ್ನೊಂದು ಕಮಾಂಡ್‌ಲೈನ್ ಸಾಧನಕ್ಕೆ ಸಾಗಿಸಿದೆ. ಅದೇ ಕೆಲಸಕ್ಕೆ ಕೈ ಹಾಕುವವರಿಗಾಗಿ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಓದುವ ಮುನ್ನ ಒಂದು ಮಾತು. ಕಮಾಂಡ್‌ಗಳನ್ನೂ ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ಗೆರೆ, ಸಮಚಿಹ್ನೆ ಮತ್ತು ಉದ್ಧರಣ ಚಿಹ್ನೆಗಳನ್ನು ಇದ್ದಲ್ಲಿಯೇ ಇರಿಸಿ ಟೈಪ್ ಮಾಡಬೇಕು. ‘ಎಂಎಂಸಿಎಲ್‌ಐ’ ಎಂದರೆ ಎಂ, ಎಂ, ಸಿ, ಎಲ್, ಐ ಎಂಬ ಐದು ಅಕ್ಷರಗಳು. ‘--ಮೋಡೆಮ್’ ಎಂದರೆ ಎರಡು ಗೆರೆಗಳ ನಂತರ ಮೋಡೆಮ್ ಎಂಬ ಇಂಗ್ಲಿಷ್ ಪದ. ‘ಸುಡು’ ಎಂದರೆ ಎಸ್, ಯು, ಡಿ, ಒ; ಮುಂದಿನ ಕಮಾಂಡನ್ನು ನಿರ್ವಾಹಕನ ಅಧಿಕಾರದಿಂದ ಓಡಿಸು ಎಂದು ಅದರ ಅರ್ಥ.

ಬದಲಾದದ್ದು ಏನು

ಎಟಿ ಕಮಾಂಡ್‌ಗಳ ಮೂಲ 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್. ಟೆಲಿಫೋನ್ ತಂತಿಯ ಮೋಡೆಮ್‌ಗಾಗಿ ಹುಟ್ಟಿದ ಆ ಭಾಷೆಗೆ ಮೊಬೈಲ್ ಕಾಲದಲ್ಲಿ ಸಿಮ್, ನೆಟ್‌ವರ್ಕ್ ಮತ್ತು ಸಂದೇಶಗಳ ಕಮಾಂಡ್‌ಗಳು ಸೇರಿಕೊಂಡವು. ಇಂದು ಅವುಗಳ ನಿಯಮಾವಳಿ ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿಯ 27.007 ಮತ್ತು 27.005 ಎಂಬ ದಾಖಲೆಗಳಲ್ಲಿದೆ. ಮಿನಿಕಾಮ್, ಗಮ್ಮು ಮತ್ತು ಇಂಟರ್ನೆಟ್‌ಗೆ ಸೇರಿಸುವ ಡಬ್ಲ್ಯುವಿಡಯಲ್ ಮೂರೂ ನಡೆಯುವುದು ಒಂದೇ ಬಗೆಯಲ್ಲಿ: ಡಾಂಗಲ್ ಒದಗಿಸುವ ಸೀರಿಯಲ್ ಪೋರ್ಟನ್ನು ತೆರೆಯುತ್ತವೆ, ಅದನ್ನು ತಮ್ಮೊಬ್ಬರದೇ ಎಂದು ಹಿಡಿದುಕೊಳ್ಳುತ್ತವೆ, ಕೆಲಸ ಮುಗಿದ ಮೇಲೆ ಬಿಡುತ್ತವೆ.

ಈಗಿನ ಡೆಸ್ಕ್‌ಟಾಪ್ ಲಿನಕ್ಸ್‌ಗಳಲ್ಲಿ ಮೋಡೆಮ್‌ಮ್ಯಾನೇಜರ್ ಎಂಬ ಸೇವೆ ಕಂಪ್ಯೂಟರ್ ಹೊತ್ತಿಕೊಂಡ ಕ್ಷಣದಿಂದ ಹಿನ್ನೆಲೆಯಲ್ಲಿ ಓಡುತ್ತಿರುತ್ತದೆ. ಡಾಂಗಲ್ ಚುಚ್ಚಿದ ಕೂಡಲೇ ಅದು ಪೋರ್ಟುಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡಿ, ಮೋಡೆಮ್ ಎಂದು ಕಂಡರೆ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಎಂಎಂಸಿಎಲ್‌ಐ ಎಂಬುದು ಆ ಸೇವೆಯ ಬಾಯಿ ಮಾತ್ರ. ಅದು ತಾನಾಗಿ ಯಾವ ಪೋರ್ಟನ್ನೂ ಮುಟ್ಟುವುದಿಲ್ಲ. ಹಿಂದಿನ ಕ್ರಮ ಹಟ್ಟಿಗೆ ಹೋಗಿ ನಾವೇ ಹಾಲು ಕರೆದಂತೆ, ಈಗಿನದು ಡೈರಿಯ ಕೌಂಟರಿನಲ್ಲಿ ಕೇಳಿ ಪಡೆದಂತೆ. ಇಬ್ಬರೂ ಒಂದೇ ದನದ ಬಳಿ ಕುಳಿತರೆ ಏನಾಗುತ್ತದೋ ಅದೇ ನಮ್ಮ ಕಂಪ್ಯೂಟರಿನಲ್ಲಿ ಆಗುತ್ತಿತ್ತು: ಗಮ್ಮು ಕೇಳಿದ ಪ್ರಶ್ನೆಯ ಉತ್ತರವನ್ನು ಮೋಡೆಮ್‌ಮ್ಯಾನೇಜರ್ ಓದಿಬಿಡುತ್ತಿತ್ತು, ಮೋಡೆಮ್‌ಮ್ಯಾನೇಜರ್ ಕೇಳಿದ್ದರ ಉತ್ತರ ಗಮ್ಮುವಿನ ಕೈಗೆ ಸಿಕ್ಕಿ ಅದು ತಬ್ಬಿಬ್ಬಾಗುತ್ತಿತ್ತು.

ಆದ್ದರಿಂದ ಕಮಾಂಡ್‌ಗಳ ಹೆಸರು ಬದಲಿಸಿಕೊಂಡರೆ ಸಾಲದು. ‘ಯಾವ ಪೋರ್ಟ್’ ಎಂದು ಕೇಳುವ ಅಭ್ಯಾಸವನ್ನು ಬಿಟ್ಟು ‘ಯಾವ ಮೋಡೆಮ್, ಯಾವ ಸಿಮ್, ಯಾವ ಸಂದೇಶ’ ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಹೊಸ ವ್ಯವಸ್ಥೆಯಲ್ಲಿ ಇವು ಪ್ರತಿಯೊಂದೂ ಪ್ರತ್ಯೇಕ ವಸ್ತು. ಪ್ರತಿಯೊಂದಕ್ಕೂ ತನ್ನದೇ ಕ್ರಮಸಂಖ್ಯೆ ಇರುತ್ತದೆ. ಹೊಸ 4ಜಿ ಮೋಡೆಮ್‌ಗಳು ಎಟಿಗಿಂತ ಕ್ಯುಎಂಐ ಅಥವಾ ಎಂಬಿಐಎಂ ಎಂಬ ಬೇರೆ ಭಾಷೆಗಳಲ್ಲಿ ಮಾತನಾಡುವುದೇ ಹೆಚ್ಚು. ಅಂಥವುಗಳ ಮುಂದೆ ಮಿನಿಕಾಮ್ ತೆರೆದು ಕುಳಿತರೆ ಕರ್ಸರ್ ಮಿನುಗುವುದನ್ನು ನೋಡಬಹುದು, ಅಷ್ಟೇ.

ಮೊದಲ ಹೆಜ್ಜೆ: ಸಿಮ್‌ನಲ್ಲಿರುವುದನ್ನು ಹೊರತೆಗೆದಿಟ್ಟುಕೊಳ್ಳುವುದು

ಹಳೆಯ ಸಾಧನವನ್ನು ನಿಲ್ಲಿಸುವ ಮೊದಲು ಅದರಿಂದ ಮಾತ್ರ ಆಗುವ ಕೆಲಸವನ್ನು ಮುಗಿಸಿಕೊಳ್ಳಬೇಕು. ಸಿಮ್ ಕಾರ್ಡಿನೊಳಗೆ ಉಳಿಸಿದ ಹೆಸರು ಮತ್ತು ನಂಬರುಗಳ ಪಟ್ಟಿಯನ್ನು ಓದುವ ಸೌಲಭ್ಯ ಎಂಎಂಸಿಎಲ್‌ಐಯಲ್ಲಿ ಇಲ್ಲ. ಸಂಘದ ಸದಸ್ಯರ ನಂಬರುಗಳನ್ನು ಯಾರೋ ಹಿಂದೆ ಸಿಮ್‌ನಲ್ಲೇ ಉಳಿಸಿದ್ದರೆ, ಅವನ್ನು ಈಗಲೇ ಗಮ್ಮುವಿನಿಂದ ಓದಿ ಕಡತಕ್ಕೆ ಬರೆಸಿಕೊಳ್ಳಿ:

ಗಮ್ಮು ಗೆಟ್‌ಆಲ್‌ಮೆಮೊರಿ ಎಸ್‌ಎಂ
ಗಮ್ಮು ಗೆಟ್‌ಆಲ್‌ಎಸ್‌ಎಂಎಸ್

ಮೊದಲನೆಯದರಲ್ಲಿ ‘ಎಸ್‌ಎಂ’ ಎಂಬ ಎರಡು ಅಕ್ಷರಗಳು ಮಾತ್ರ ದೊಡ್ಡಕ್ಷರಗಳು. ಸಿಮ್‌ನ ನೆನಪಿನ ಜಾಗಕ್ಕೆ ಅದು ಹೆಸರು. ಎರಡನೆಯ ಕಮಾಂಡ್ ಉಳಿದಿರುವ ಸಂದೇಶಗಳನ್ನೆಲ್ಲ ತೋರಿಸುತ್ತದೆ. ಇದರೊಡನೆ ಸಿಮ್‌ನ ಪಿನ್, ಸಿಮ್ ಬಂದ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅಚ್ಚಾಗಿರುವ ಪಿಯುಕೆ (ಪಿನ್ ತಪ್ಪಿ ಬಿದ್ದ ಬೀಗ ತೆಗೆಯುವ ಸಂಖ್ಯೆ) ಮತ್ತು ಡಬ್ಲ್ಯುವಿಡಯಲ್‌ನ ಸಂರಚನಾ ಕಡತದಲ್ಲಿರುವ ಎಪಿಎನ್ (ಕಂಪನಿಯ ಇಂಟರ್ನೆಟ್ ಬಾಗಿಲಿನ ಹೆಸರು) ಇವನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ಬರೆದಿಟ್ಟರೆ ಕರೆಂಟು ಹೋದ ದಿನವೇ ಅದು ಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಹಳೆಯದನ್ನು ನಿಲ್ಲಿಸುವುದು

ಗಮ್ಮುವಿನ ಸಂದೇಶ ಸೇವೆಯನ್ನು ನಿಲ್ಲಿಸಿ, ಮುಂದಿನ ಬಾರಿ ಕಂಪ್ಯೂಟರ್ ಹೊತ್ತಿಸಿದಾಗ ತಾನಾಗಿ ಏಳದಂತೆಯೂ ಮಾಡಬೇಕು:

ಸುಡು ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಗಮ್ಮು-ಎಸ್‌ಎಂಎಸ್‌ಡಿ

ಗಮ್ಮು ತಂತ್ರಾಂಶದ ಪೊಟ್ಟಣವನ್ನು ಈಗಲೇ ಅಳಿಸಬೇಡಿ. ಬಳಿಕ ಮೋಡೆಮ್‌ಮ್ಯಾನೇಜರ್ ಓಡುತ್ತಿದೆಯೇ ಎಂದು ಸಿಸ್ಟಮ್‌ಸಿಟಿಎಲ್ ಸ್ಟೇಟಸ್‌ನಿಂದ ನೋಡಿ. ಆ ಸೇವೆಯ ಹೆಸರಿನಲ್ಲಿ ಎರಡು ಎಂ ಅಕ್ಷರಗಳೂ ದೊಡ್ಡವು. ಇಲ್ಲೊಂದು ಹಳೆಯ ಗಂಟು ಇರುವ ಸಾಧ್ಯತೆ ಇದೆ. ಹಿಂದೆ ಇದೇ ಜಗಳವನ್ನು ಬಿಡಿಸಲು ಯಾರಾದರೂ ಯುಡೆವ್ (ಚುಚ್ಚಿದ ಸಾಧನಗಳನ್ನು ಗುರುತಿಸುವ ಲಿನಕ್ಸ್ ಭಾಗ) ನಿಯಮವೊಂದನ್ನು ಬರೆದು ‘ಈ ಡಾಂಗಲನ್ನು ಮುಟ್ಟಬೇಡ’ ಎಂದು ಮೋಡೆಮ್‌ಮ್ಯಾನೇಜರ್‌ಗೆ ಹೇಳಿರಬಹುದು. ಯುಡೆವ್‌ನ ನಿಯಮಗಳ ಕಡತಕೋಶದಲ್ಲಿ ‘ಐಡಿ_ಎಂಎಂ_ಡಿವೈಸ್_ಇಗ್ನೋರ್’ ಎಂಬ ಪದವನ್ನು, ಎಲ್ಲವೂ ದೊಡ್ಡಕ್ಷರಗಳಲ್ಲಿ, ಹುಡುಕಿ. ಕಂಡರೆ ಆ ಸಾಲನ್ನು ತೆಗೆದು ಡಾಂಗಲನ್ನು ಕಿತ್ತು ಮತ್ತೆ ಚುಚ್ಚಿ. ನಮ್ಮಲ್ಲಿ ಆ ಸಾಲನ್ನು ಬರೆದವನು ನಾನೇ ಆಗಿದ್ದು, ಅದು ನೆನಪಾಗಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

ಎಲ್ಲ ಡಾಂಗಲ್‌ಗಳೂ ಈ ದಾರಿಗೆ ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹೈಲಿಂಕ್ ಮಾದರಿಯವು ಕಂಪ್ಯೂಟರಿಗೆ ಮೋಡೆಮ್ ಆಗಿ ಕಾಣುವುದಿಲ್ಲ, ನೆಟ್‌ವರ್ಕ್ ಕಾರ್ಡ್ ಆಗಿ ಕಾಣುತ್ತವೆ. ಅವುಗಳ ಸಿಮ್ ಕೆಲಸವೆಲ್ಲ ಬ್ರೌಸರಿನಲ್ಲಿ 192.168.8.1 ಎಂಬಂಥ ವಿಳಾಸ ತೆರೆದರೆ ಮಾತ್ರ. ಅಂಥ ಡಾಂಗಲ್‌ಗೆ ಎಂಎಂಸಿಎಲ್‌ಐಯಿಂದ ಪ್ರಯೋಜನವಿಲ್ಲ. ಇನ್ನು ಕೆಲವು ಹಳೆಯವು ಮೊದಲು ಸಿಡಿ ಡ್ರೈವ್ ವೇಷದಲ್ಲಿ ಬರುತ್ತವೆ. ಯುಎಸ್‌ಬಿ ಮೋಡ್‌ಸ್ವಿಚ್ ಪೊಟ್ಟಣ ಇದ್ದರೆ ಅವು ಮೋಡೆಮ್ ರೂಪಕ್ಕೆ ತಿರುಗುತ್ತವೆ. ಆದ್ದರಿಂದ ಅದನ್ನು ಮಾತ್ರ ತೆಗೆಯಬಾರದು.

ಮೂರನೆಯ ಹೆಜ್ಜೆ: ಮೋಡೆಮ್ ಮತ್ತು ಸಿಮ್ ಕಾಣುತ್ತವೆಯೇ

ಎಂಎಂಸಿಎಲ್‌ಐ --ಲಿಸ್ಟ್-ಮೋಡೆಮ್ಸ್
ಎಂಎಂಸಿಎಲ್‌ಐ --ಮೋಡೆಮ್=ಎನಿ

ಮೊದಲ ಕಮಾಂಡ್‌ಗೆ ಒಂದು ಉದ್ದದ ಹಾದಿ ಉತ್ತರವಾಗಿ ಬರುತ್ತದೆ. ಅದರ ಕೊನೆಯ ಅಂಕಿಯೇ ಮೋಡೆಮ್‌ನ ಕ್ರಮಸಂಖ್ಯೆ. ಎರಡನೆಯದು ಇರುವ ಒಂದು ಮೋಡೆಮ್‌ನ ಪೂರ್ತಿ ವಿವರವನ್ನು ಕೊಡುತ್ತದೆ. ಹಿಂದೆ ಎಟಿ+ಸಿಪಿಐಎನ್, ಎಟಿ+ಸಿಎಸ್‌ಕ್ಯು, ಎಟಿ+ಸಿಒಪಿಎಸ್ ಎಂದು ಒಂದೊಂದಾಗಿ ಕೇಳಿ ತಿಳಿಯುತ್ತಿದ್ದ ಬೀಗದ ಸ್ಥಿತಿ, ಸಿಗ್ನಲ್ ಮತ್ತು ಕಂಪನಿಯ ಹೆಸರು ಇಲ್ಲಿ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ಸಿಗ್ನಲ್ ಬಗ್ಗೆ ಹೇಳುವುದಾದರೆ, ಹಳೆಯದು 0ಯಿಂದ 31ರವರೆಗಿನ ಅಂಕಿ ಕೊಡುತ್ತಿತ್ತು, ಹೊಸದು ಶೇಕಡಾ ಲೆಕ್ಕದಲ್ಲಿ ಕೊಡುತ್ತದೆ. ‘20 ಇತ್ತಲ್ಲ, ಈಗ 64 ಆಗಿದೆ’ ಎಂದು ಹಿಗ್ಗಬೇಕಾಗಿಲ್ಲ.

ಈ ಪಟ್ಟಿಯಲ್ಲಿ ಹೊಸಬರನ್ನು ದಾರಿ ತಪ್ಪಿಸುವ ಸಾಲೊಂದಿದೆ. ‘ಲಾಕ್’ ಎಂಬುದರ ಮುಂದೆ ಅನೇಕ ವೇಳೆ ‘ಸಿಮ್-ಪಿನ್2’ ಎಂದು ಬರುತ್ತದೆ. ಅದನ್ನು ನೋಡಿ ಸಿಮ್ ಬೀಗ ಬಿದ್ದಿದೆ ಎಂದುಕೊಂಡು ಪಿನ್ ಹಾಕಲು ಹೋಗಬಾರದು. ಪಿನ್2 ಎಂಬುದು ಸಿಮ್‌ನ ಕೆಲವು ವಿಶೇಷ ಸೌಲಭ್ಯಗಳಿಗೆ ಮಾತ್ರ ಬೇಕಾದ ಬೇರೆಯೇ ಸಂಖ್ಯೆ. ಸಂದೇಶ ಕಳುಹಿಸಲು, ಇಂಟರ್ನೆಟ್‌ಗೆ ಸೇರಲು ಅದು ಅಡ್ಡಿಯಲ್ಲ. ನಿಜವಾಗಿ ನೋಡಬೇಕಾದದ್ದು ‘ಸ್ಟೇಟ್’ ಎಂಬ ಸಾಲನ್ನು. ಅಲ್ಲಿ ‘ಲಾಕ್ಡ್’ ಎಂದಿದ್ದರೆ ಮಾತ್ರ ಪಿನ್ ಬೇಕು. ‘ಫೇಲ್ಡ್’ ಎಂದಿದ್ದು ಕಾರಣ ‘ಸಿಮ್-ಮಿಸ್ಸಿಂಗ್’ ಎಂದಿದ್ದರೆ ಕಾರ್ಡ್ ಸರಿಯಾಗಿ ಕೂತಿಲ್ಲ; ಮಳೆಗಾಲದಲ್ಲಿ ತುದಿಗಳು ಕಿಲುಬು ಹಿಡಿದರೂ ಹೀಗೆಯೇ ಬರುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕಾಗುತ್ತದೆ. ‘ಡಿಸೇಬಲ್ಡ್’ ಎಂದಿದ್ದರೆ ಮೋಡೆಮ್ ಮಲಗಿದೆ, ಎಬ್ಬಿಸಬೇಕು:

ಸುಡು ಎಂಎಂಸಿಎಲ್‌ಐ --ಮೋಡೆಮ್=ಎನಿ --ಎನೇಬಲ್

ಗಮ್ಮುವಿನಿಂದ ಬಂದವರು ಈ ಮೆಟ್ಟಿಲನ್ನು ಮರೆಯುವುದು ಸಹಜ, ಏಕೆಂದರೆ ಗಮ್ಮು ಅದನ್ನು ತಾನೇ ಮಾಡಿಕೊಳ್ಳುತ್ತಿತ್ತು. ಎನೇಬಲ್ ಆಗದ ಮೋಡೆಮ್‌ನಲ್ಲಿ ಸಂದೇಶಗಳ ಪಟ್ಟಿ ಕೇಳಿದರೆ ಏನೂ ಸಿಗುವುದಿಲ್ಲ.

ಕ್ರಮಸಂಖ್ಯೆಯ ವಿಷಯದಲ್ಲಿ ಎಚ್ಚರ ಬೇಕು. ಡಾಂಗಲನ್ನು ಕಿತ್ತು ಚುಚ್ಚಿದರೆ, ಅಥವಾ ಕರೆಂಟು ಕಣ್ಣು ಮಿಟುಕಿಸಿ ಯುಎಸ್‌ಬಿ ಒಮ್ಮೆ ಸತ್ತು ಎದ್ದರೆ, 0 ಇದ್ದ ಮೋಡೆಮ್ 1 ಆಗುತ್ತದೆ, ಮತ್ತೊಮ್ಮೆ ಆದರೆ 2. ಸ್ಕ್ರಿಪ್ಟಿನಲ್ಲಿ ‘0’ ಎಂದು ಬರೆದಿಟ್ಟವರ ಸಂದೇಶಗಳು ಜೂನ್ ತಿಂಗಳ ಮೊದಲ ಗುಡುಗಿನೊಂದಿಗೆ ನಿಲ್ಲುತ್ತವೆ. ಡಾಂಗಲ್ ಒಂದೇ ಇರುವಲ್ಲಿ ‘ಎನಿ’ ಎಂದು ಬರೆಯುವುದೇ ಕ್ಷೇಮ.

ನಾಲ್ಕನೆಯ ಹೆಜ್ಜೆ: ಪಿನ್

ಇಡೀ ಕೆಲಸದಲ್ಲಿ ತಪ್ಪಿದರೆ ದುಬಾರಿಯಾಗುವ ಹೆಜ್ಜೆ ಇದೊಂದೇ. ಪಿನ್ ತಪ್ಪಾಗಿ ಹಾಕಲು ಸಿಮ್ ಸಾಮಾನ್ಯವಾಗಿ 3 ಅವಕಾಶ ಕೊಡುತ್ತದೆ. ಮೂರೂ ತಪ್ಪಿದರೆ 8 ಅಂಕಿಯ ಪಿಯುಕೆ ಬೇಕಾಗುತ್ತದೆ. ಅದಕ್ಕೆ 10 ಅವಕಾಶ. ಹತ್ತೂ ತಪ್ಪಿದರೆ ಆ ಕಾರ್ಡ್ ಮತ್ತೆ ಏಳುವುದಿಲ್ಲ, ಹೊಸ ಸಿಮ್‌ಗಾಗಿ ಓಡಬೇಕು. ಈ ಲೆಕ್ಕವನ್ನು ಇಟ್ಟುಕೊಳ್ಳುವುದು ಕಂಪ್ಯೂಟರ್ ಅಲ್ಲ, ಸಿಮ್‌ನೊಳಗಿನ ಚಿಪ್. ಆದ್ದರಿಂದ ಯಂತ್ರವನ್ನು ಆರಿಸಿ ಹೊತ್ತಿಸಿದರೆ ಲೆಕ್ಕ ಹೊಸದಾಗುವುದಿಲ್ಲ.

ನಮ್ಮಲ್ಲಿ ನಡೆದದ್ದು ಹೀಗೆ. ಹಳೆಯ ಸಿಮ್ ಸವೆದು ಅದೇ ನಂಬರಿಗೆ ಹೊಸ ಸಿಮ್ ಹಾಕಿಸಿದ್ದೆವು. ಗಮ್ಮುವಿನ ಸಂರಚನಾ ಕಡತದಲ್ಲಿ ‘ಪಿನ್’ ಎಂಬ ಸಾಲಿನಲ್ಲಿ ಹಳೆಯ ಸಂಖ್ಯೆಯೇ ಉಳಿದಿತ್ತು. ಸೇವೆ ಏಳಲಿಲ್ಲವೆಂದು ನಾನು ಮತ್ತೆ ಮತ್ತೆ ಎಬ್ಬಿಸಿದೆ. ಪ್ರತಿ ಸಲವೂ ಅದು ನನಗೆ ಕಾಣದಂತೆ ತಪ್ಪು ಪಿನ್ ಹಾಕಿ ಒಂದು ಅವಕಾಶವನ್ನು ತಿಂದುಹಾಕುತ್ತಿತ್ತು. ಸಂಜೆ ಕಾರ್ಯದರ್ಶಿಯವರ ಫೋನ್ ಬಂತು: “ಮಾಷ್ಟ್ರೇ, ಎಂಟು ಅಂಕಿಯ ನಂಬ್ರ ಕೇಳ್ತಾ ಉಂಟು, ಅದೆಂತ?” ಪಿಯುಕೆ ಅಚ್ಚಾಗಿದ್ದ ಪ್ಲಾಸ್ಟಿಕ್ ಕಾರ್ಡನ್ನು ಅವರು ಎಸೆಯದೆ ಕ್ಯಾಶ್ ಪುಸ್ತಕದ ನಡುವೆ ಇಟ್ಟಿದ್ದುದರಿಂದ ಬಚಾವಾದೆವು.

ಎಂಎಂಸಿಎಲ್‌ಐಯಲ್ಲಿ ಹೀಗಾಗಬೇಕಾಗಿಲ್ಲ. ಮೋಡೆಮ್‌ನ ವಿವರದಲ್ಲಿ ‘ಅನ್‌ಲಾಕ್ ರಿಟ್ರೈಸ್’ ಎಂಬ ಸಾಲು ಇರುತ್ತದೆ. ಸಿಮ್-ಪಿನ್‌ನ ಮುಂದೆ ಕಂಸದಲ್ಲಿ 3 ಇದೆಯೋ 1 ಇದೆಯೋ ಎಂಬುದನ್ನು ಮೊದಲು ನೋಡಿಯೇ ಕೈ ಹಾಕಬೇಕು. 1 ಇದ್ದರೆ ನಿಲ್ಲಿಸಿ, ಸರಿಯಾದ ಪಿನ್ ಖಚಿತವಾಗುವ ತನಕ ಮುಂದುವರಿಯಬೇಡಿ. ವಿವರದ ಕೊನೆಯಲ್ಲಿ ಸಿಮ್‌ನ ಹಾದಿಯೂ ಅದರ ಕ್ರಮಸಂಖ್ಯೆಯೂ ಇರುತ್ತದೆ. ಅದು 0 ಆಗಿದ್ದರೆ:

ಸುಡು ಎಂಎಂಸಿಎಲ್‌ಐ --ಸಿಮ್=0 --ಪಿನ್=1234

ಪಿಯುಕೆ ಕೇಳಿದ ಪಕ್ಷದಲ್ಲಿ ಪಿಯುಕೆಯನ್ನೂ ಹೊಸದಾಗಿ ಇಡಬೇಕಾದ ಪಿನ್ನನ್ನೂ ಒಟ್ಟಿಗೆ ಕೊಡಬೇಕು:

ಸುಡು ಎಂಎಂಸಿಎಲ್‌ಐ --ಸಿಮ್=0 --ಪಿಯುಕೆ=ಎಂಟಂಕಿ --ಪಿನ್=ಹೊಸಪಿನ್

ಪಿನ್ ಕೇಳುವುದನ್ನೇ ತೆಗೆಯಲು ‘--ಪಿನ್=1234 --ಡಿಸೇಬಲ್-ಪಿನ್’ ಎಂದೂ, ಬದಲಿಸಲು ‘--ಪಿನ್=1234 --ಚೇಂಜ್-ಪಿನ್=5678’ ಎಂದೂ ಕೊಡಬೇಕು. ಬೀಗ ಹಾಕಿದ ಕಚೇರಿಯೊಳಗೆ ಇರುವ, ರಾತ್ರಿ ಕರೆಂಟು ಹೋಗಿ ಬಂದಾಗ ತಾನಾಗಿ ಏಳಬೇಕಾದ ಡಾಂಗಲ್‌ಗೆ ಪಿನ್ ತೆಗೆದಿಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಆ ಸಿಮ್‌ನ ನಂಬರಿಗೆ ಬ್ಯಾಂಕ್ ಖಾತೆ ಜೋಡಿಸಿದ್ದರೆ ಮಾತ್ರ ಪಿನ್ ಇರಲೇಬೇಕು. ಡಾಂಗಲನ್ನು ಕಿಟಕಿಯಿಂದ ಕಿತ್ತೊಯ್ಯಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಐದನೆಯ ಹೆಜ್ಜೆ: ಸಂದೇಶಗಳು

ಗಮ್ಮುವಿನಲ್ಲಿ ಸಂದೇಶ ಕಳುಹಿಸುವುದು ಒಂದೇ ಏಟಿನ ಕೆಲಸವಾಗಿತ್ತು. ಇಲ್ಲಿ ಎರಡು. ಮೊದಲು ಸಂದೇಶವನ್ನು ಸೃಷ್ಟಿಸಬೇಕು, ಆಗ ಅದಕ್ಕೊಂದು ಕ್ರಮಸಂಖ್ಯೆ ಬರುತ್ತದೆ. ಆಮೇಲೆ ಆ ಸಂಖ್ಯೆ ಹೇಳಿ ಕಳುಹಿಸಬೇಕು:

ಸುಡು ಎಂಎಂಸಿಎಲ್‌ಐ --ಮೋಡೆಮ್=ಎನಿ --ಮೆಸೇಜಿಂಗ್-ಕ್ರಿಯೇಟ್-ಎಸ್‌ಎಂಎಸ್="ಟೆಕ್ಸ್ಟ್='ಮೈಲುತುತ್ತು ಬಂದಿದೆ.',ನಂಬರ್='+91…'"
ಸುಡು ಎಂಎಂಸಿಎಲ್‌ಐ --ಎಸ್‌ಎಂಎಸ್=3 --ಸೆಂಡ್

ಇದರಲ್ಲಿ ಕನ್ನಡ ವಾಕ್ಯವನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಬೇಕು ಎಂಬುದೇ ಈ ಬದಲಾವಣೆಯ ದೊಡ್ಡ ಲಾಭ. ಮಿನಿಕಾಮ್‌ನಲ್ಲಿ ಕನ್ನಡ ಸಂದೇಶ ಕಳುಹಿಸಬೇಕಾದರೆ ಅಕ್ಷರಪದ್ಧತಿಯನ್ನು ಯುಸಿಎಸ್-2ಕ್ಕೆ ತಿರುಗಿಸಿ, ಸಂದೇಶದ ನಿಯತಾಂಕಗಳನ್ನು ಬದಲಿಸಿ, ಒಂದೊಂದು ಅಕ್ಷರವನ್ನೂ ನಾಲ್ಕು ಚಿಹ್ನೆಗಳ ಸಂಕೇತವಾಗಿ ಬರೆಯಬೇಕಾಗಿತ್ತು: ‘ಕ’ ಎಂದರೆ ‘0ಸಿ95’. ಮೋಡೆಮ್‌ಮ್ಯಾನೇಜರ್ ವಾಕ್ಯವನ್ನು ನೋಡಿ ಯಾವ ಪದ್ಧತಿ ಬೇಕೆಂದು ತಾನೇ ನಿರ್ಧರಿಸುತ್ತದೆ. ಉದ್ದದ ಸಂದೇಶವನ್ನು ತುಂಡು ಮಾಡುವುದೂ ಬಂದ ತುಂಡುಗಳನ್ನು ಜೋಡಿಸುವುದೂ ಅದರದೇ ಕೆಲಸ.

ಆದರೆ ತುಂಡುಗಳ ಹಣ ನಮ್ಮದು, ಆದ್ದರಿಂದ ಲೆಕ್ಕ ತಿಳಿದಿರಬೇಕು. ಒಂದು ಎಸ್‌ಎಂಎಸ್ ಹೊರಬಲ್ಲದ್ದು 140 ಬೈಟ್. ಇಂಗ್ಲಿಷ್ ಅಕ್ಷರಗಳಾದರೆ ಅದರಲ್ಲಿ 160 ಹಿಡಿಯುತ್ತವೆ, ಕನ್ನಡವಾದರೆ 70 ಮಾತ್ರ. ಸಂದೇಶ 70 ಮೀರಿದರೆ ಜೋಡಣೆಯ ಗುರುತಿಗೂ ಜಾಗ ಬೇಕಾದ್ದರಿಂದ ಪ್ರತಿ ತುಂಡಿಗೆ 67. ಈ ಲೆಕ್ಕ ನಡೆಯುವುದು ನಾವು ಬಾಯಿಯಲ್ಲಿ ಹೇಳುವ ಅಕ್ಷರಗಳ ಮೇಲಲ್ಲ. ‘ಮೈಲುತುತ್ತು ಬಂದಿದೆ’ ಎಂಬುದನ್ನು ಶಾಲೆಯಲ್ಲಿ ಎಣಿಸಿದರೆ ಏಳು ಅಕ್ಷರ. ಸಿಮ್‌ನ ಲೆಕ್ಕದಲ್ಲಿ ಅದು 17: ಮ ಒಂದು, ಅದರ ಐತ್ವ ಇನ್ನೊಂದು, ಲ ಒಂದು, ಕೊಂಬು ಇನ್ನೊಂದು; ‘ತ್ತು’ ಒಂದೇ ನಾಲ್ಕು ತಿನ್ನುತ್ತದೆ, ನಡುವಿನ ಖಾಲಿ ಜಾಗವೂ ಒಂದು. ‘ಮೈಲುತುತ್ತು ಬಂದಿದೆ. ಶನಿವಾರ ಸಂಜೆ 5ರ ಒಳಗೆ ಪಡೆದುಕೊಳ್ಳಿ.’ ಎಂಬ ಪೂರ್ತಿ ಸಂದೇಶ 51 ಆಗುತ್ತದೆ, ಒಂದೇ ತುಂಡಿನಲ್ಲಿ ಹೋಗುತ್ತದೆ. ಇದಕ್ಕೆ ಗೌರವಪೂರ್ವಕ ಸಂಬೋಧನೆಯನ್ನೂ ಸಂಘದ ಪೂರ್ಣ ಹೆಸರನ್ನೂ ಸೇರಿಸಿದರೆ ಎರಡು ತುಂಡಾಗುತ್ತದೆ. ‘ಸಿಮ್‌ನಲ್ಲಿ’ ಎಂಬಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯಲು ನಾವು ಒತ್ತುವ, ಕಣ್ಣಿಗೆ ಕಾಣದ ಚಿಹ್ನೆಯೂ ಲೆಕ್ಕಕ್ಕೆ ಬರುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಅಂದಹಾಗೆ, ಇದಕ್ಕೊಂದು ಪರಿಹಾರ ಕಾಗದದ ಮೇಲೆ ಇದೆ. 3ಜಿಪಿಪಿಯ 23.038 ದಾಖಲೆಯಲ್ಲಿ ಕನ್ನಡಕ್ಕೂ ಮಲಯಾಳಕ್ಕೂ ತಮಿಳಿಗೂ ಪ್ರತ್ಯೇಕ ಅಕ್ಷರಪಟ್ಟಿಗಳಿವೆ. ಅವನ್ನು ಬಳಸಿದರೆ ಒಂದು ತುಂಡಿನಲ್ಲಿ 155ರವರೆಗೆ ಹಿಡಿಸಬಹುದು. ಕಳುಹಿಸುವ ಸಾಧನವೂ ಪಡೆಯುವ ಫೋನೂ ಎರಡೂ ಆ ಪಟ್ಟಿಯನ್ನು ಬಲ್ಲವಾಗಿರಬೇಕು. ಮೋಡೆಮ್‌ಮ್ಯಾನೇಜರ್ ಕನ್ನಡಕ್ಕೆ ಯುಸಿಎಸ್-2ನ್ನೇ ಬಳಸುವುದರಿಂದ ನಮ್ಮ ಪಾಲಿಗೆ 70ರ ಲೆಕ್ಕವೇ ಗತಿ.

ಬಂದ ಸಂದೇಶಗಳಿಗೆ ‘--ಮೆಸೇಜಿಂಗ್-ಲಿಸ್ಟ್-ಎಸ್‌ಎಂಎಸ್’ ಎಂದು ಕೇಳಿ, ಸಿಕ್ಕಿದ ಸಂಖ್ಯೆಯಿಂದ ‘--ಎಸ್‌ಎಂಎಸ್=5’ ಎಂದು ಓದಬೇಕು. ಓದಿ ಆದದ್ದನ್ನೂ ಕಳುಹಿಸಿ ಆದದ್ದನ್ನೂ ‘--ಮೆಸೇಜಿಂಗ್-ಡಿಲೀಟ್-ಎಸ್‌ಎಂಎಸ್=5’ ಎಂದು ಅಳಿಸುತ್ತಾ ಬನ್ನಿ. ಸಿಮ್‌ನಲ್ಲಿ ಸಂದೇಶದ ಜಾಗ ತೀರ ಕಡಿಮೆ. ತುಂಬಿದರೆ ಹೊಸ ಸಂದೇಶ ಒಳಗೆ ಬರುವುದಿಲ್ಲ, ಯಾರೂ ಅದನ್ನು ನಮಗೆ ಹೇಳುವುದೂ ಇಲ್ಲ.

ಈ ಭಾಗದಲ್ಲಿ ಕಳೆದುಕೊಳ್ಳುವುದೂ ಒಂದಿದೆ. ಸಂದೇಶ ಬಂದ ಕೂಡಲೇ ನಮ್ಮ ಸ್ಕ್ರಿಪ್ಟನ್ನು ಓಡಿಸುವ ಏರ್ಪಾಡು ಗಮ್ಮುವಿನ ಸೇವೆಯಲ್ಲಿ ಸಿದ್ಧವಾಗಿಯೇ ಇತ್ತು; ಎಂಎಂಸಿಎಲ್‌ಐಯಲ್ಲಿ ಇಲ್ಲ. ನಾನು ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಿಂದ ಐದು ನಿಮಿಷಕ್ಕೊಮ್ಮೆ ಪಟ್ಟಿ ನೋಡಿಸುತ್ತೇನೆ. ಸ್ಕ್ರಿಪ್ಟಿಗೆ ಬೇಕಾದ ಉತ್ತರವನ್ನು ಅಂದವಾದ ಪಟ್ಟಿಯಿಂದ ಗ್ರೆಪ್ ಮಾಡಿ ಹೆಕ್ಕುವ ಬದಲು ಕಮಾಂಡಿಗೆ ‘-ಜೆ’ ಎಂದು, ದೊಡ್ಡಕ್ಷರದಲ್ಲಿ, ಸೇರಿಸಿದರೆ ಉತ್ತರ ಸ್ಕ್ರಿಪ್ಟು ಸಲೀಸಾಗಿ ಓದಬಲ್ಲ ಜೆಸನ್ ರೂಪದಲ್ಲಿ ಬರುತ್ತದೆ. ಆವೃತ್ತಿ ಬದಲಾದರೂ ಸ್ಕ್ರಿಪ್ಟ್ ಕೆಡುವ ಭಯ ಕಡಿಮೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಒಳಬಂದಾಗ ಸುಡು ಇಲ್ಲದೆ ಈ ಕಮಾಂಡ್‌ಗಳಿಗೆ ಅನುಮತಿ ಸಿಗದಿರುವುದುಂಟು, ಅದಕ್ಕೆ ಗಾಬರಿ ಬೇಡ.

ಸಾಮಾನ್ಯ 10 ಅಂಕಿಯ ನಂಬರಿನಿಂದ ಜಾಹೀರಾತು ಸಂದೇಶ ಕಳುಹಿಸುವುದನ್ನು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮಾವಳಿ ಒಪ್ಪುವುದಿಲ್ಲ; ಅದಕ್ಕೆ ನೋಂದಾಯಿತ ಹೆಡರ್, ಅಂದರೆ ಕಳುಹಿಸುವವರ ಗುರುತು, ಬೇಕು. ಸದಸ್ಯರೇ ಕೇಳಿಕೊಂಡ ಸೂಚನೆಗಳಿಗೆ ಮಾತ್ರ ಈ ದಾರಿಯನ್ನು ಬಳಸಿ.

ಆರನೆಯ ಹೆಜ್ಜೆ: ಗಡಿಯಲ್ಲಿ ನೆಟ್‌ವರ್ಕ್

ಸಾರಡ್ಕ ದಾಟಿದರೆ ಕರ್ನಾಟಕ, ತಲಪಾಡಿ ದಾಟಿದರೂ ಕರ್ನಾಟಕ. ಟವರುಗಳಿಗೆ ಚೆಕ್‌ಪೋಸ್ಟ್ ಇಲ್ಲ. ನಮ್ಮ ಗುಡ್ಡದ ಮೇಲಿನ ಸಿಮ್ ಬೆಳಗ್ಗೆ ಕೇರಳ ಟೆಲಿಕಾಂ ವೃತ್ತದಲ್ಲಿದ್ದು ಮಧ್ಯಾಹ್ನ ಕರ್ನಾಟಕ ವೃತ್ತವನ್ನು ಹಿಡಿದುಕೊಂಡಿರುತ್ತದೆ. ಸುತ್ತ ಯಾವ ಯಾವ ಜಾಲಗಳಿವೆ ಎಂದು ನೋಡಲು:

ಸುಡು ಎಂಎಂಸಿಎಲ್‌ಐ --ಮೋಡೆಮ್=ಎನಿ --3ಜಿಪಿಪಿ-ಸ್ಕ್ಯಾನ್ --ಟೈಮ್‌ಔಟ್=300

ಟೈಮ್‌ಔಟ್ ಕೊಡದಿದ್ದರೆ ಹುಡುಕಾಟ ಮುಗಿಯುವ ಮೊದಲೇ ಎಂಎಂಸಿಎಲ್‌ಐ ಬೇಸತ್ತು ಎದ್ದುಹೋಗುತ್ತದೆ. ಉತ್ತರದಲ್ಲಿ ಬರುವ ಐದಾರು ಅಂಕಿಯ ಸಂಖ್ಯೆಯ ಮೊದಲ ಮೂರು ದೇಶದ ಗುರುತು; ಭಾರತಕ್ಕೆ 404 ಮತ್ತು 405. ಉಳಿದವು ಕಂಪನಿಯನ್ನೂ ವೃತ್ತವನ್ನೂ ಸೂಚಿಸುತ್ತವೆ: ಬಿಎಸ್‌ಎನ್‌ಎಲ್‌ಗೆ ಕೇರಳದಲ್ಲಿ 40472, ಕರ್ನಾಟಕದಲ್ಲಿ 40471, ಏರ್‌ಟೆಲ್‌ಗೆ ಕೇರಳದಲ್ಲಿ 40495, ಕರ್ನಾಟಕದಲ್ಲಿ 40445. ಒಂದೇ ಕಂಪನಿಯ ಎರಡು ಸಂಖ್ಯೆಗಳು ಪಟ್ಟಿಯಲ್ಲಿ ಕಂಡರೆ ನೀವು ಗಡಿಯ ಮೇಲಿದ್ದೀರಿ ಎಂದರ್ಥ. ಡಾಂಗಲ್ ಎರಡರ ನಡುವೆ ಹೊಯ್ದಾಡುತ್ತಾ ಸಂಪರ್ಕ ಕಡಿಯುತ್ತಿದ್ದರೆ ಒಂದಕ್ಕೆ ಕಟ್ಟಿಹಾಕಬಹುದು:

ಸುಡು ಎಂಎಂಸಿಎಲ್‌ಐ --ಮೋಡೆಮ್=ಎನಿ --3ಜಿಪಿಪಿ-ರಿಜಿಸ್ಟರ್-ಇನ್-ಆಪರೇಟರ್=40472

ಹಿಂದೆ ಎಟಿ+ಸಿಒಪಿಎಸ್‌ನಿಂದ ಮಾಡುತ್ತಿದ್ದ ಕೆಲಸವೇ ಇದು. ಮತ್ತೆ ಬಿಡಿಸಲು ‘--3ಜಿಪಿಪಿ-ರಿಜಿಸ್ಟರ್-ಹೋಮ್’. ಮೋಡೆಮ್‌ನ ವಿವರದಲ್ಲಿ ನೋಂದಣಿ ‘ಹೋಮ್’ ಎಂದಿದೆಯೋ ‘ರೋಮಿಂಗ್’ ಎಂದಿದೆಯೋ ಎಂಬುದನ್ನೂ ಗಮನಿಸಿ. ಮುಂದಿನ ಹೆಜ್ಜೆಗೆ ಅದು ಬೇಕು.

ಏಳನೆಯ ಹೆಜ್ಜೆ: ಇಂಟರ್ನೆಟ್ ಮತ್ತು ಬಾಕಿ ವಿಚಾರಣೆ

ಡಬ್ಲ್ಯುವಿಡಯಲ್‌ನ ಜಾಗಕ್ಕೆ ಎಂಎಂಸಿಎಲ್‌ಐಯನ್ನು ತರಬೇಕಾಗಿಲ್ಲ. ಆ ಕೆಲಸ ನೆಟ್‌ವರ್ಕ್‌ಮ್ಯಾನೇಜರ್‌ನದು:

ಎನ್‌ಎಂಸಿಎಲ್‌ಐ ಕನೆಕ್ಷನ್ ಆ್ಯಡ್ ಟೈಪ್ ಜಿಎಸ್‌ಎಂ ಐಎಫ್‌ನೇಮ್ '*' ಕಾನ್-ನೇಮ್ ಸಂಘ ಎಪಿಎನ್ ಬಿಎಸ್‌ಎನ್‌ಎಲ್‌ನೆಟ್

ಇದರ ಮೊದಲ ಪದ ಎನ್, ಎಂ, ಸಿ, ಎಲ್, ಐ. ಎಪಿಎನ್ ನಿಮ್ಮ ಕಂಪನಿಯದು ಇರಲಿ, ಜಿಯೊಗೆ ‘ಜಿಯೊನೆಟ್’. ಹೆಸರು ಒಮ್ಮೆ ಕೊಟ್ಟರೆ ಮುಂದೆ ತಾನಾಗಿ ಸೇರುತ್ತದೆ. ಸೇರದಿದ್ದರೆ, ಗಡಿಯವರು ಮೊದಲು ನೋಡಬೇಕಾದದ್ದು ಆ ಸಂಪರ್ಕದ ‘ಜಿಎಸ್‌ಎಂ.ಹೋಮ್-ಓನ್ಲಿ’ ಎಂಬ ಗುಣವನ್ನು. ಅದು ‘ಯೆಸ್’ ಆಗಿದ್ದರೆ ಸಿಮ್ ರೋಮಿಂಗ್‌ನಲ್ಲಿ ಇರುವಷ್ಟು ಹೊತ್ತು ಇಂಟರ್ನೆಟ್ ಬರುವುದಿಲ್ಲ, ಸಿಗ್ನಲ್ ಮಾತ್ರ ಪೂರ್ತಿ ತೋರಿಸುತ್ತದೆ.

ಬಾಕಿ ಹಣ ಕೇಳುವ ನಕ್ಷತ್ರ, ಹ್ಯಾಷ್‌ಗಳ ಸಂಕೇತಗಳಿಗೆ ‘--3ಜಿಪಿಪಿ-ಯುಎಸ್‌ಎಸ್‌ಡಿ-ಇನಿಶಿಯೇಟ್’ ಇದೆ. ಉತ್ತರದಲ್ಲಿ ಆಯ್ಕೆ ಕೇಳಿದರೆ ‘ರೆಸ್ಪಾಂಡ್’, ನಡುವೆ ಸಿಕ್ಕಿಕೊಂಡರೆ ‘ಕ್ಯಾನ್ಸಲ್’. 2ಜಿ, 3ಜಿ ಜಾಲವೇ ಇಲ್ಲದ ಜಿಯೊ ಸಿಮ್‌ನಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ. ಹಳೆಯ 3ಜಿ ಡಾಂಗಲ್‌ಗೆ ಆ ಸಿಮ್ ಹಾಕಿದರೆ ಜಾಲವೇ ಸಿಗುವುದಿಲ್ಲ.

ಎಟಿ ಬೇಕೇ ಬೇಕಾದಾಗ

ಡಾಂಗಲ್ ತಯಾರಕರ ಯಾವುದೋ ವಿಶೇಷ ಕಮಾಂಡ್ ಕೊಡಬೇಕಾದ ಸಂದರ್ಭ ಬಂದೇ ಬರುತ್ತದೆ. ಎಂಎಂಸಿಎಲ್‌ಐಯಲ್ಲಿ ‘--ಕಮಾಂಡ್’ ಎಂಬ ಆಯ್ಕೆ ಇದ್ದರೂ ಸಾಮಾನ್ಯವಾಗಿ ಅದು ಕೆಲಸ ಮಾಡುವುದು ಮೋಡೆಮ್‌ಮ್ಯಾನೇಜರನ್ನು ಡೀಬಗ್ ಸ್ಥಿತಿಯಲ್ಲಿ ಓಡಿಸಿದಾಗ ಮಾತ್ರ. ಅದಕ್ಕಿಂತ ಸಲೀಸಾದ ದಾರಿ, ಸೇವೆಯನ್ನು ಕೊಲ್ಲದೆ ಈ ಒಂದು ಮೋಡೆಮನ್ನು ಸ್ವಲ್ಪ ಹೊತ್ತು ಬಿಟ್ಟುಕೊಡುವಂತೆ ಕೇಳುವುದು:

ಸುಡು ಎಂಎಂಸಿಎಲ್‌ಐ --ಮೋಡೆಮ್=ಎನಿ --ಇನ್‌ಹಿಬಿಟ್

ಈ ಕಮಾಂಡ್ ಓಡುತ್ತಿರುವಷ್ಟು ಹೊತ್ತು ಮೋಡೆಮ್‌ಮ್ಯಾನೇಜರ್ ಪೋರ್ಟುಗಳ ಕಡೆ ತಲೆ ಹಾಕುವುದಿಲ್ಲ. ಇನ್ನೊಂದು ಟರ್ಮಿನಲ್‌ನಲ್ಲಿ ಮಿನಿಕಾಮ್ ತೆರೆದು ಕೆಲಸ ಮುಗಿಸಿ, ಇಲ್ಲಿ ಕಂಟ್ರೋಲ್-ಸಿ ಒತ್ತಿದರೆ ಮೋಡೆಮ್ ಹೊಸ ಕ್ರಮಸಂಖ್ಯೆಯೊಂದಿಗೆ ಮರಳಿ ಸೇವೆಯ ವಶವಾಗುತ್ತದೆ. ಸಿಮ್‌ನೊಳಗಿನ ಹೆಸರುಗಳ ಪಟ್ಟಿಯನ್ನು ಗಮ್ಮುವಿನಿಂದ ತಿದ್ದುವುದಿದ್ದರೂ ಇದೇ ಉಪಾಯ. ಅದಕ್ಕಾಗಿಯೇ ಗಮ್ಮು ಪೊಟ್ಟಣವನ್ನು ನಾನು ಇನ್ನೂ ಅಳಿಸಿಲ್ಲ; ಅದರ ಸೇವೆಯನ್ನು ಮಾತ್ರ ನಿಲ್ಲಿಸಿದ್ದೇನೆ, ಸಂರಚನಾ ಕಡತದ ಪಿನ್ ಸಾಲನ್ನು ಅಳಿಸಿದ್ದೇನೆ.